ಮೂರು ಬೋರ್ ಫೇಲ್ ಆದ ಮೇಲೂ 'ಸಾಕು' ಅನ್ನೋಕೆ ಯಾಕೆ ಆಗಲ್ಲ?

ಪ್ರಶ್ನೆ: ನಮ್ಮದು ಕೋಲಾರ ಜಿಲ್ಲೆ, ಶ್ರೀನಿವಾಸಪುರದ ಕಡೆ ಒಂದು ಹಳ್ಳಿ. ನಾಲ್ಕು ಎಕರೆ ಜಮೀನಿದೆ. ಐದು ವರ್ಷದಲ್ಲಿ ಮೂರು ಬೋರ್ ಕೊರೆಸಿದ್ದೇವೆ. ಮೊದಲನೆಯದು 650 ಅಡಿ, ಬರೀ ಧೂಳು. ಎರಡನೆಯದರಲ್ಲಿ 900 ಅಡಿಗೆ ಎರಡಿಂಚು ನೀರು ಬಿತ್ತು, ಎಂಟು ತಿಂಗಳಿಗೆ ನಿಂತುಹೋಯಿತು. ಮೂರನೆಯದು 1,100 ಅಡಿ, ಅದೂ ಧೂಳು. ಏಳು ಲಕ್ಷ ಸಾಲ ಇದೆ. ಈಗ ಪಕ್ಕದ ಹೊಲದವರಿಗೆ 1,480 ಅಡಿಗೆ ಮೂರಿಂಚು ನೀರು ಸಿಕ್ಕಿದೆ. ಊರವರೆಲ್ಲ 'ನಿಮ್ಮಪ್ಪ ಸ್ವಲ್ಪದರಲ್ಲಿ ಕೈಬಿಟ್ಟರು, 1,500ಕ್ಕೆ ಹೋಗಿ' ಅಂತಾರೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೆಲದಡಿಯ ನೀರು ನೋಡುವವರು ಎಲ್ಲಿ ಕೊರೆಯಬೇಕು ಅಂತ ಪಾಯಿಂಟ್ ಹಾಕಿಕೊಟ್ಟಿದ್ದಾರೆ. ಮೋಟಾರು, ಪೈಪು ಎಲ್ಲ ಸೇರಿ ಆರು ಲಕ್ಷ ಬೇಕು. ಅಪ್ಪ 'ಇದೊಂದು ಸಲ' ಅಂತಿದ್ದಾರೆ. ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೇನೆ. ಬೇಡ ಅನ್ನೋಕೆ ಬಾಯಿ ಬರುತ್ತಿಲ್ಲ. ಕೊರೆಸಬೇಕಾ? ಇಷ್ಟು ಏಟು ತಿಂದರೂ ನಮ್ಮನೇಲಿ, ಊರಲ್ಲಿ ಒಬ್ಬರಿಗೂ 'ಸಾಕು' ಅನ್ನೋಕೆ ಯಾಕೆ ಆಗ್ತಿಲ್ಲ?

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಈಗ ಕೊರೆಸಬೇಡಿ. ಆದರೆ ನಾನು ಬೇಡ ಅಂದ ಮಾತ್ರಕ್ಕೆ ನಿಮ್ಮಪ್ಪ ಒಪ್ಪುವುದಿಲ್ಲ, ಅದು ನನಗೆ ಗೊತ್ತು. ಭೂಜಲದ ಕೆಲಸದಲ್ಲಿ ಇಪ್ಪತ್ತೈದು ವರ್ಷ ಕಳೆದಿದ್ದೇನೆ. ಬಂಡೆ ಬಗ್ಗೆ ನಾನು ಹೇಳಿದ್ದನ್ನು ಜನ ತಲೆಯಾಡಿಸಿ ಕೇಳುತ್ತಾರೆ. ಸಂಜೆ ಅರಳಿಕಟ್ಟೆಯಲ್ಲಿ ಕೇಳಿದ ಮಾತಿನ ಮೇಲೆ ಮಾರನೇ ದಿನ ಲಾರಿ ಕರೆಸುತ್ತಾರೆ. ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಯೇ ದೊಡ್ಡದು. ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ನೆಲದ ಕೆಳಗೆ ಏನಿದೆ ಅಂತ ಕೊರೆಯುವ ತನಕ ಯಾರಿಗೂ ಪೂರ್ತಿ ಗೊತ್ತಿಲ್ಲ. ಗೊತ್ತಿಲ್ಲದ ಜಾಗ ಹಾಗೇ ಖಾಲಿ ಇರಲ್ಲ. ಅಲ್ಲಿ ಒಂದು ಕಥೆ ಬಂದು ಕೂರುತ್ತದೆ. ನಿಮ್ಮ ಊರಲ್ಲಿ ಕೂತಿರುವ ಕಥೆ ಇದು: 'ಕೆಳಗೆ ನೀರಿದೆ. ಆಳಕ್ಕೆ ಹೋದವನಿಗೆ ಸಿಗುತ್ತೆ. ಸಿಗದಿದ್ದರೆ ಅವನು ಸಾಕಷ್ಟು ಹೋಗಲಿಲ್ಲ ಅಂತ ಅರ್ಥ.' ಈ ಕಥೆಯ ಬಲ ನೋಡಿ. ನೀರು ಬಿದ್ದರೆ ಕಥೆ ಗೆದ್ದಿತು. ಬೀಳದಿದ್ದರೆ ಕಥೆಗೆ ಸೋಲಿಲ್ಲ, ಸೋತವರು ನಿಮ್ಮಪ್ಪ. 'ಸ್ವಲ್ಪದರಲ್ಲಿ ಕೈಬಿಟ್ಟರು' ಅನ್ನುವ ಮಾತು ಅಲ್ಲಿಂದಲೇ ಬಂದದ್ದು.

ಈ ಕಥೆಯನ್ನು ಯಾರೋ ಸುಮ್ನೆ ಹುಟ್ಟಿಸಿದ್ದಲ್ಲ. ಒಂದು ಕಾಲದಲ್ಲಿ ಇದು ನಿಜವೇ ಆಗಿತ್ತು.

ನಿಮ್ಮ ತಾತನ ಕಾಲದ ತೆರೆದ ಬಾವಿ ನೆನಪು ಮಾಡಿಕೊಳ್ಳಿ. ನಮ್ಮ ಕಡೆ ಮೇಲ್ಮಣ್ಣಿನ ಕೆಳಗೆ ಕೊಳೆತು ಪುಡಿಯಾದ ಕಲ್ಲಿನ ಪದರ ಇರುತ್ತದೆ. ಸಾಮಾನ್ಯವಾಗಿ 60ರಿಂದ 100 ಅಡಿ. ಮಳೆ ನೀರು ಇಳಿದು ಇದರಲ್ಲಿ ನಿಲ್ಲುತ್ತದೆ, ಒದ್ದೆ ಸ್ಪಂಜಿನ ಹಾಗೆ. ಬೇಸಿಗೆಯಲ್ಲಿ ಬಾವಿ ಬತ್ತಿದರೆ ಆಳು ಇಳಿಸಿ ಇನ್ನು ನಾಲ್ಕು ಮೊಳ ತೋಡಿಸುತ್ತಿದ್ದರು. ನೀರು ಬರುತ್ತಿತ್ತು. ಆ ಬಾವಿಗೆ 'ಇನ್ನೂ ಆಳಕ್ಕೆ ಹೋಗು' ಅನ್ನೋದು ಸರಿಯಾದ ಬುದ್ಧಿಮಾತು.

1967ರ ಬರದಲ್ಲಿ ಯುನಿಸೆಫ್ ಗಟ್ಟಿ ಬಂಡೆ ಕೊರೆಯುವ ರಿಗ್‌ಗಳನ್ನು ಉತ್ತರ ಭಾರತಕ್ಕೆ ತರಿಸಿತು. ಆಮೇಲೆ ಆ ತಂತ್ರ ದೇಶದಲ್ಲೆಲ್ಲ ಹರಡಿತು. ನಮ್ಮ ಬಯಲುಸೀಮೆಯಲ್ಲೂ ಬೋರ್‌ಗಳು ಬಂದವು. ಮೊದಮೊದಲು 150, 200 ಅಡಿಗೇ ನೀರು. ಆ ಬಿರುಕುಗಳು ಖಾಲಿಯಾದವು. ಜನ 400ಕ್ಕೆ ಹೋದರು, ಸಿಕ್ಕಿತು. 600ಕ್ಕೆ ಹೋದರು, ಅಲ್ಲೂ ಸಿಕ್ಕಿತು. ನಿಮ್ಮಪ್ಪನ ವಯಸ್ಸಿನವರು ಇದನ್ನು ಕಣ್ಣಾರೆ ನೋಡಿದ್ದಾರೆ. ಆಳಕ್ಕೆ ಹೋದವನು ಗೆದ್ದ, ಅಳುಕಿದವನು ಹೊಲ ಬೀಳುಬಿಟ್ಟ. ಸುಮಾರು ನಲವತ್ತು ವರ್ಷ ಸರಿಯಾಗಿದ್ದ ಮಾತನ್ನು ಅವರು ಈಗ ಹೇಗೆ ಬಿಡುತ್ತಾರೆ? ಅವರನ್ನು ಮೂಢರು ಅನ್ನಬೇಡಿ. ಅವರು ಅನುಭವದಿಂದಲೇ ಮಾತಾಡುತ್ತಿದ್ದಾರೆ. ಆ ಅನುಭವ ನಡೆದ ನೆಲ ಈಗ ಅಲ್ಲಿಲ್ಲ, ಅಷ್ಟೇ.

ಯಾಕೆ ಅಂದರೆ, ಕೊಳೆತ ಕಲ್ಲಿನ ಕೆಳಗೆ ಕೋಲಾರದಲ್ಲಿ ಇರೋದು ಗ್ರಾನೈಟ್ ಮತ್ತು ನೈಸ್ (ಅದೇ ಥರದ ಇನ್ನೊಂದು ಗಟ್ಟಿ ಕಲ್ಲು) ಬಂಡೆ. ಬಂಡೆಯ ಮೈಯಲ್ಲಿ ನೀರು ನಿಲ್ಲಲ್ಲ. ನೀವು 'ಗ್ಯಾಪ್' ಅನ್ನುತ್ತೀರಲ್ಲ, ಆ ಬಿರುಕುಗಳಲ್ಲಿ ಮಾತ್ರ ಇರುತ್ತದೆ. ಕೆಳಗೆ ಹೋದಷ್ಟೂ ಮೇಲಿನ ಬಂಡೆಯ ಭಾರ ಬಿರುಕುಗಳನ್ನು ಒತ್ತಿ ಮುಚ್ಚುತ್ತದೆ. 600, 700 ಅಡಿ ದಾಟಿದ ಮೇಲೆ ಬಿರುಕು ಅಪರೂಪ. ಇಲ್ಲವೇ ಇಲ್ಲ ಅಂತಲ್ಲ, ಇದೆ. ನಿಮ್ಮ ಪಕ್ಕದವರಿಗೆ 1,480ಕ್ಕೆ ಸಿಕ್ಕಿದ್ದು ನಿಜವೇ ಇರಬಹುದು. ಆದರೆ ಅಷ್ಟು ಆಳದ ಬಿರುಕಿಗೆ ಮಳೆ ನೀರು ತಲುಪೋದು ಬಹಳ ನಿಧಾನ. ತೆಗೆದಷ್ಟು ಬೇಗ ತುಂಬಲ್ಲ. ನಿಮ್ಮ 900 ಅಡಿಯ ಬೋರ್ ಎಂಟು ತಿಂಗಳಿಗೆ ನಿಂತದ್ದು ಹೀಗೇ ಇರಬೇಕು. ಅಲ್ಲಿ ಇದ್ದದ್ದು ಸೆಲೆಯಲ್ಲ, ಕೂಡಿಟ್ಟ ನೀರು. ಅದು ಮುಗಿಯಿತು. ಆಳದ ನೀರಲ್ಲಿ ಫ್ಲೋರೈಡ್ ಜಾಸ್ತಿ ಇರುವ ಸಾಧ್ಯತೆಯೂ ಇದೆ. ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಮಿತಿ. ಹೊಲದ ಬೋರಿನಿಂದಲೇ ಮನೆಗೂ ನೀರು ಹಿಡಿಯುವ ಅಭ್ಯಾಸ ನಮ್ಮ ಕಡೆ ಇದೆ. ಅದಕ್ಕೇ ಇದನ್ನೂ ಹೇಳಿದೆ.

ಈಗ ಬೋರ್ ಕೊರೆಯುವ ರಾತ್ರಿಗೆ ಬರೋಣ. ತೀರ್ಮಾನ ಆಗೋದು ಅಲ್ಲಿ.

ಮೊನ್ನೆ ಬೇಸಿಗೆಯಲ್ಲಿ ಒಂದು ಹೊಲದಲ್ಲಿ ನಾನೂ ನಿಂತಿದ್ದೆ. ತಮಿಳುನಾಡಿನ ತಿರುಚೆಂಗೋಡಿನ ಕಡೆಯ ಎರಡು ಲಾರಿ. ಒಂದರಲ್ಲಿ ರಿಗ್, ಇನ್ನೊಂದರಲ್ಲಿ ಕಂಪ್ರೆಸರ್. ಸಂಜೆ ಪೂಜೆ ಮಾಡಿ ಶುರು ಮಾಡಿದರು. ಕೇಸಿಂಗ್ ಇಳಿಯಿತು. ಆಮೇಲೆ ಹ್ಯಾಮರ್ ಸದ್ದು, ಎದೆಗೇ ಬಡಿದ ಹಾಗೆ. 20 ಅಡಿಗೆ ಒಂದು ರಾಡು. ಪ್ರತಿ ರಾಡು ಇಳಿದಾಗಲೂ ಯಜಮಾನರು ಹೋಗಿ ತೂತಿನ ಬಾಯಿಂದ ಹಾರುವ ಪುಡಿಯನ್ನು ಅಂಗೈಗೆ ಹಿಡಿದು, ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಒದ್ದೆ ಇದೆಯಾ? ಇಲ್ಲ. ಬೆಚ್ಚಗಿನ ಬಿಳಿ ಪುಡಿ, ಹಿಟ್ಟಿನ ಥರ. ಅವರ ಹೆಂಡತಿ ಒಂದಿಷ್ಟು ದೂರದಲ್ಲಿ ಕೈಮುಗಿದು ಕೂತಿದ್ದರು. ಮಾತಾಡಿಕೊಂಡಿದ್ದ ಆಳ 700 ಅಡಿ. ಅಲ್ಲಿಗೆ ತಲುಪಿದಾಗ ರಾತ್ರಿ ಒಂದೂವರೆ. ಮಷೀನು ಒಂದು ನಿಮಿಷ ನಿಂತಿತು. ಆ ಮೌನದಲ್ಲಿ ಹತ್ತು ಹನ್ನೆರಡು ಜನ ಅವರ ಮುಖ ನೋಡಿದರು. ಯಾರೋ ಅಂದರು, 'ಇಷ್ಟು ಬಂದಾಯ್ತು, ಇನ್ನೊಂದು ಐದು ರಾಡು ಬಿಡ್ಸಿ.' ಇನ್ನೊಬ್ಬರು, 'ನಮ್ಮ ಬಾಮೈದಂಗೆ 760ಕ್ಕೆ ಬಿತ್ತು.' ಅವರು ತಲೆ ಆಡಿಸಿದರು. ಬೆಳಗಾಗುವ ಹೊತ್ತಿಗೆ 1,060. ಧೂಳು.

ಆ ಒಂದು ನಿಮಿಷದಲ್ಲಿ ಏನಾಯಿತು ಅಂತ ಬಿಡಿಸಿ ನೋಡಿ. 700 ಅಡಿಯ ದುಡ್ಡು ಆಗಲೇ ಹೋಗಿತ್ತು. ನಿಲ್ಲಿಸಿದರೆ ಆ ನಷ್ಟ ಖಾಯಂ. ಮುಂದುವರಿಸಿದರೆ 'ಇನ್ನೂ ಗೊತ್ತಿಲ್ಲ' ಅನ್ನುವ ಆಸೆ ಉಳಿಯುತ್ತದೆ. ಡೇನಿಯಲ್ ಕಾಹ್ನೆಮನ್ ಮತ್ತು ಏಮಸ್ ಟ್ವೆರ್ಸ್ಕಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ಸರಿಯಾಗಿ ಹೊಂದುತ್ತದೆ. ಅವರು ಕೇಳಿದ್ದು ಇಷ್ಟು: 3,000 ಖಂಡಿತ ಕಳೆದುಕೊಳ್ಳುತ್ತೀರಾ, ಅಥವಾ 4,000 ಕಳೆದುಕೊಳ್ಳುವ ಸಾಧ್ಯತೆ ನೂರಕ್ಕೆ 80, ಏನೂ ಕಳೆದುಕೊಳ್ಳದಿರುವ ಸಾಧ್ಯತೆ 20 ಇರುವ ಆಟ ಆಡುತ್ತೀರಾ? ಲೆಕ್ಕದಲ್ಲಿ ಎರಡನೆಯದೇ ಕೆಟ್ಟದು. ಸರಾಸರಿ ನಷ್ಟ 3,200. ಆದರೂ ನೂರಕ್ಕೆ 92 ಮಂದಿ ಆಟವನ್ನೇ ಆರಿಸಿಕೊಂಡರು. ಲಾಭದ ವಿಷಯದಲ್ಲಿ ಹುಷಾರಾಗಿರುವ ಮನುಷ್ಯ ನಷ್ಟದ ಅಂಚಿನಲ್ಲಿ ಧೈರ್ಯವಂತನಾಗಿಬಿಡುತ್ತಾನೆ. ನಿಮ್ಮಪ್ಪ ಏಳು ಲಕ್ಷದ ಹಳ್ಳದಲ್ಲಿ ನಿಂತು ಯೋಚಿಸುತ್ತಿದ್ದಾರೆ. ಅಲ್ಲಿಂದ ಆರು ಲಕ್ಷ ದೊಡ್ಡದಾಗಿ ಕಾಣಲ್ಲ, ಮೇಲೆ ಹತ್ತುವ ಏಣಿಯಾಗಿ ಕಾಣುತ್ತದೆ.

ಇದರ ಮೇಲೆ ಊರಿನ ಕಥೆ ಬಂದು ಕೂತರೆ ಕೇಳಬೇಕಾ? ನಮ್ಮ ಕಡೆ ಬೋರ್ ಅಂದರೆ ಬರೀ ನೀರಲ್ಲ. ತೋಟ ಇದ್ದವನು ರೈತ. ನೀರಿದ್ದ ಮನೆಗೆ ಹೆಣ್ಣು ಕೊಡುತ್ತಾರೆ. ಗಂಗಮ್ಮ ಒಲಿದಳು ಅಂದರೆ ಮನೆಯವರ ಪುಣ್ಯ, ಒಲಿಯಲಿಲ್ಲ ಅಂದರೆ ಏನೋ ದೋಷ. ಈ ಮಾತಿನ ಭಾರ ಹೊತ್ತ ಮನುಷ್ಯ ರಾತ್ರಿ ಒಂದೂವರೆಗೆ, ಹತ್ತು ಜನರ ಎದುರು, 'ನಿಲ್ಸಪ್ಪ' ಅನ್ನಬೇಕು. ಬಹಳ ಕಷ್ಟ.

'ಇನ್ನೊಂದು ಐದು ರಾಡು' ಅಂದವರಲ್ಲಿ ಯಾರೂ ಆ ರಾಡಿಗೆ ದುಡ್ಡು ಕೊಡಲ್ಲ. ಅವರು ಕೆಟ್ಟವರಲ್ಲ. ಪ್ರೀತಿಯಿಂದಲೇ, ಆಸೆಯಿಂದಲೇ ಹೇಳುತ್ತಾರೆ. ಲಾರಿ ಕರೆಸಿಕೊಡುವ ಏಜೆಂಟಿಗೆ ಅಡಿ ಲೆಕ್ಕದಲ್ಲಿ ಕಮಿಷನ್. ಆಳ ಹೆಚ್ಚಿದ ಹಾಗೆ ಅಡಿಯ ರೇಟೂ ಏರುತ್ತದೆ. ಹಾಗಾಗಿ ಕೊನೆಯ 400 ಅಡಿಗೆ ಮೊದಲ 400ಕ್ಕಿಂತ ತುಂಬಾ ಜಾಸ್ತಿ ಬೀಳುತ್ತದೆ. ನೀರು ಸಿಗುವ ಸಾಧ್ಯತೆ ಇಳಿಯುತ್ತಾ ಹೋಗುವ ಕಡೆಯೇ ಬೆಲೆ ಏರುತ್ತಾ ಹೋಗುತ್ತದೆ. ಈ ಒಂದು ವಾಕ್ಯವನ್ನು ನಿಮ್ಮಪ್ಪನಿಗೆ ನಿಧಾನವಾಗಿ ಓದಿ ಹೇಳಿ.

ಇನ್ನು ಆ ಪಕ್ಕದ ಹೊಲದ ಮೂರಿಂಚು. ಬೋರ್ ಕೊರೆದ ದಿನ ನೀರನ್ನು ಅಳೆಯೋದು ವಿ ಆಕಾರದ ಕಚ್ಚು ಇರುವ ತಗಡಿನಲ್ಲಿ. ಆ ಕಚ್ಚಿನಲ್ಲಿ ನೀರು ಎಷ್ಟು ಎತ್ತರ ಬಂತು ಅನ್ನೋದೇ ಇಂಚು. ಒಂದಿಂಚು ಅಂದರೆ ಗಂಟೆಗೆ ಸುಮಾರು 500 ಲೀಟರ್. ಎರಡಿಂಚು ಅಂದರೆ ಅದರ ಎರಡರಷ್ಟಲ್ಲ, ಸುಮಾರು 2,900. ಮೂರಿಂಚು ಸುಮಾರು 8,000. ಬಾಯಿಮಾತಿನಲ್ಲಿ ಅರ್ಧ ಇಂಚು ಜಾಸ್ತಿ ಹೇಳಿದರೆ ನೀರು ಎಷ್ಟು ಉಬ್ಬುತ್ತೆ ನೋಡಿ. ಎರಡೂವರೆಯನ್ನು ಮೂರು ಅಂದರೆ ಗಂಟೆಗೆ ಮೂರು ಸಾವಿರ ಲೀಟರ್ ಬಾಯಲ್ಲೇ ಹುಟ್ಟಿತು. ಬಹಳ ಕಡೆ ತಗಡೇ ಇರಲ್ಲ, ಕಣ್ಣಳತೆ.

ಮೂರಿಂಚು ನಿಜವೇ ಅಂತ ಇಟ್ಟುಕೊಳ್ಳಿ. ಅದು ಕಂಪ್ರೆಸರ್ ಗಾಳಿ ಎತ್ತಿದ ನೀರು. ನಾಳೆ ಎತ್ತಬೇಕಾದ್ದು ಮೋಟಾರು. ರಾಜ್ಯದಲ್ಲಿ 10 ಎಚ್‌ಪಿ ತನಕ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್. ನೀರಿನ ಮಟ್ಟ 1,400 ಅಡಿಯ ಹತ್ತಿರ ಇದ್ದರೆ 10 ಎಚ್‌ಪಿ ಮೋಟಾರು ಗಂಟೆಗೆ ಎತ್ತೋದು ಹೆಚ್ಚು ಕಡಿಮೆ 3,000 ಲೀಟರ್. ಅದಕ್ಕಿಂತ ಜಾಸ್ತಿ ಎತ್ತುವ ಶಕ್ತಿ ಅದಕ್ಕಿಲ್ಲ. ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕರೆಂಟ್ ಬಂದರೆ 21,000 ಲೀಟರ್. ಬೇಸಿಗೆಯಲ್ಲಿ ಡ್ರಿಪ್ ಹಾಕಿದ ಒಂದು ಎಕರೆ ಟೊಮೆಟೊ ಕುಡಿಯೋದೇ ಹತ್ತಿರ ಹತ್ತಿರ ಅಷ್ಟು. ಅಂದರೆ ಎಲ್ಲ ಸರಿಹೋದರೂ, ನೀರು ನಿಲ್ಲದೇ ಬಂದರೂ, ಆರು ಲಕ್ಷ ಕೊಟ್ಟು ನೀವು ಕೊಳ್ಳುತ್ತಿರುವುದು ಒಂದು ಎಕರೆ ಟೊಮೆಟೊ. ಅದರ ಬೆಲೆ ಕೋಲಾರದ ಮಾರುಕಟ್ಟೆಯಲ್ಲಿ ಹೇಗೆ ಕುಣಿಯುತ್ತೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ನೀರಿನ ಮಟ್ಟ ತೂತಿನಲ್ಲಿ ಮೇಲೆ ಏರಿ ನಿಂತರೆ ಇದಕ್ಕಿಂತ ಜಾಸ್ತಿ ಎತ್ತಬಹುದು. ಆದರೆ ಸುತ್ತಲಿನ ಬೋರ್‌ಗಳೆಲ್ಲ ಬತ್ತಿರುವ ಜಾಗದಲ್ಲಿ ಅದನ್ನು ನಂಬಿ ಸಾಲ ಮಾಡಬೇಡಿ.

ಇಷ್ಟಾದರೂ 'ಅವರಿಗೆ ಸಿಕ್ಕಿತಲ್ಲ' ಅನ್ನೋದು ತಲೆಯಿಂದ ಹೋಗಲ್ಲ, ಅಲ್ವಾ? ಒಂದು ಮಾತು ಕೇಳುತ್ತೇನೆ. ನಿಮ್ಮೂರಲ್ಲಿ ನೀರು ಬಿದ್ದ ಬೋರ್ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೆ ಅರಿಶಿನ ಕುಂಕುಮ ಇರುತ್ತೆ, ಪಂಪ್ ಮನೆ ಇರುತ್ತೆ, ನೀರು ಚಿಮ್ಮಿದ ವಿಡಿಯೊ ಮೊಬೈಲಿಂದ ಮೊಬೈಲಿಗೆ ಹೋಗಿರುತ್ತೆ. ಫೇಲ್ ಆದ ಬೋರ್ ಎಲ್ಲಿದೆ? ಅದರ ಮೇಲೆ ಒಂದು ಚಪ್ಪಡಿ ಕಲ್ಲು, ಸುತ್ತ ಹುಲ್ಲು. ಅದರ ಮಾತು ಯಾರೂ ಎತ್ತಲ್ಲ. ಎತ್ತಿದರೆ ಆ ಮನೆಯವರಿಗೆ ನೋವು. ಇದು ನಮ್ಮ ಜನರ ಸೌಜನ್ಯ. ಆದರೆ ಈ ಸೌಜನ್ಯವೇ ಲೆಕ್ಕವನ್ನು ಹಾಳು ಮಾಡಿದೆ. ನಿಮ್ಮ ಕಿವಿಗೆ ಬೀಳೋದು ಗೆದ್ದ ಬೋರ್‌ಗಳ ಸುದ್ದಿ ಮಾತ್ರ. 40 ಬೋರ್ ಕೊರೆದು 6ರಲ್ಲಿ ನೀರು ಬಿದ್ದರೂ ಊರಲ್ಲಿ ಓಡಾಡೋದು 6 ಕಥೆ. ಕೇಳುವವರಿಗೆ ಎಲ್ಲೆಲ್ಲೂ ನೀರು ಸಿಗುತ್ತಿರುವ ಹಾಗೆ ಅನ್ನಿಸುತ್ತದೆ.

ಹಾಗಾಗಿ ಮುಂದಿನ ಭಾನುವಾರ ಊರಿಗೆ ಹೋಗಿ. ಅಪ್ಪನನ್ನೂ ಕರೆದುಕೊಂಡು, ನಿಮ್ಮ ಹೊಲದ ಸುತ್ತ ಒಂದು ಕಿಲೋಮೀಟರ್ ನಡೆಯಿರಿ. ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ಕಳೆದ ಹತ್ತು ವರ್ಷದಲ್ಲಿ ಕೊರೆದ ಪ್ರತಿ ತೂತನ್ನೂ ಬರೆಯಿರಿ. ಯಾವ ವರ್ಷ, ಎಷ್ಟು ಅಡಿ, ನೀರು ಯಾವ ಅಡಿಗೆ ಬಿತ್ತು, ಇವತ್ತು ಎಷ್ಟು ಬರುತ್ತಿದೆ. ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಬಿದ್ದ ದಿನದ ಇಂಚು ಎಲ್ಲರೂ ಹೇಳುತ್ತಾರೆ, ಇವತ್ತಿನದನ್ನು ಕೇಳಿದರೆ ಮಾತ್ರ ಹೇಳುತ್ತಾರೆ. ಈ ಕೆಲಸವನ್ನು ನಿಮ್ಮಪ್ಪನೇ ಮಾಡಬೇಕು. ನೀವು ಬೆಂಗಳೂರಿಂದ ಬಂದು ಅಂಕಿಸಂಖ್ಯೆ ಹೇಳಿದರೆ ಅದು ಮಗನ ಪಾಠವಾಗುತ್ತದೆ. ತಮ್ಮ ವಯಸ್ಸಿನವರ ಬಾಯಿಂದ ಅವರೇ ಕೇಳಿ, ಅವರೇ ಬರೆದರೆ ಅದು ಅವರ ಲೆಕ್ಕ. ನಾನು ಹಲವು ಹಳ್ಳಿಗಳಲ್ಲಿ ಇದನ್ನು ಮಾಡಿಸಿದ್ದೇನೆ. ಮೂರನೇ ನಾಲ್ಕನೇ ಹೊಲಕ್ಕೆ ಹೋಗುವಷ್ಟರಲ್ಲಿ ಹಿರಿಯರು ಮಾತು ಕಡಿಮೆ ಮಾಡುತ್ತಾರೆ. ಅವರಿಗೆ ಗೊತ್ತಿದ್ದ ವಿಷಯವೇ, ಒಂದು ಕಡೆ ಸೇರಿಸಿ ನೋಡಿರಲಿಲ್ಲ.

'ಮೂರು ಹೋಯ್ತು, ನಾಲ್ಕನೆಯದಾದರೂ ಬರಲೇಬೇಕು' ಅನ್ನುವ ಲೆಕ್ಕವೂ ನಿಮ್ಮನೆಯಲ್ಲಿ ನಡೀತಿರಬೇಕು. ಎಲ್ಲರ ಮನೆಯಲ್ಲೂ ನಡೆಯುತ್ತದೆ. ಬಂಡೆಗೆ ಹಿಂದಿನ ಮೂರು ತೂತಿನ ಋಣ ಇಲ್ಲ. ಅಷ್ಟೇ ಅಲ್ಲ, ಅದೇ ನಾಲ್ಕು ಎಕರೆಯಲ್ಲಿ ಎರಡು ಸಲ ಧೂಳು, ಒಂದು ಸಲ ಎಂಟು ತಿಂಗಳ ನೀರು ಬಂದಿದೆ ಅಂದರೆ ಅಲ್ಲಿ ಒಳ್ಳೆ ಬಿರುಕು ಕಡಿಮೆ ಅಂತ ನೆಲ ಮೂರು ಸಲ ಹೇಳಿದೆ. ನಾಲ್ಕನೆಯದರ ಸಾಧ್ಯತೆ ಮೊದಲನೆಯದಕ್ಕಿಂತ ಕಡಿಮೆ. ಕಥೆ ಹೇಳೋದು ಇದಕ್ಕೆ ಪೂರ್ತಿ ಉಲ್ಟಾ.

ತೆಂಗಿನಕಾಯಿಯ ವಿಷಯ. ಅದನ್ನು ಹಗುರವಾಗಿ ಮಾತಾಡಲು ನನಗೆ ಮನಸ್ಸಿಲ್ಲ. ಜಮೀನಿನ ಮೇಲೆ ಪ್ರಾಣ ಇಟ್ಟಿರುವವರು ಅದನ್ನು ನಂಬುತ್ತಾರೆ. ಆದರೆ ಒಂದು ಪರೀಕ್ಷೆಯ ಬಗ್ಗೆ ಹೇಳಬೇಕು. 1987ರಿಂದ ಎರಡು ವರ್ಷ ಜರ್ಮನಿಯ ಮ್ಯೂನಿಕ್ ಬಳಿ ಒಂದು ಕಣಜದ ಮನೆಯಲ್ಲಿ, ಕಡ್ಡಿ ಹಿಡಿದು ನೀರು ನೋಡುವವರನ್ನು ಪರೀಕ್ಷಿಸಿದರು. ನೂರಾರು ಜನರಲ್ಲಿ ಚೆನ್ನಾಗಿ ನೋಡುತ್ತಾರೆ ಅನ್ನಿಸಿದ 43 ಮಂದಿಯನ್ನು ಆರಿಸಿದ್ದರು. ಕೆಳ ಅಂತಸ್ತಿನಲ್ಲಿ ಗಾಡಿಯ ಮೇಲೆ ನೀರಿನ ಪೈಪು, ಅದನ್ನು ಆಚೀಚೆ ಸರಿಸೋದು. ಮೇಲಿನ ಅಂತಸ್ತಿನಲ್ಲಿ ನಿಂತವರು ಪೈಪು ಎಲ್ಲಿದೆ ಅಂತ ಹೇಳಬೇಕು. 843 ಸಲ ನಡೆಯಿತು. ಪ್ರಯೋಗ ಮಾಡಿದವರು ಕೆಲವರಿಗೆ ಶಕ್ತಿ ಇದೆ ಅಂದರು. ಆಮೇಲೆ ಅದೇ ಅಂಕಿಗಳನ್ನು ಇನ್ನೊಬ್ಬ ವಿಜ್ಞಾನಿ ಜಿಮ್ ಎನ್‌ರೈಟ್ ಪರಿಶೀಲಿಸಿದಾಗ ಕಣ್ಣುಮುಚ್ಚಿ ಹೇಳಿದ್ದಕ್ಕೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ.

ಹಾಗಿದ್ದರೂ ಈ ನಂಬಿಕೆ ಯಾಕೆ ಉಳಿಯಿತು? ಮಾನವಶಾಸ್ತ್ರಜ್ಞ ಮ್ಯಾಲಿನೋವ್ಸ್ಕಿ ಸುಮಾರು ನೂರು ವರ್ಷದ ಹಿಂದೆ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಒಂದು ವಿಷಯ ಗಮನಿಸಿದ್ದರು. ಅಲ್ಲಿನ ಬೆಸ್ತರು ದಡದ ಒಳಗಿನ ಶಾಂತ ನೀರಲ್ಲಿ ಮೀನು ಹಿಡಿಯುವಾಗ ಮಂತ್ರ ತಂತ್ರ ಮಾಡುತ್ತಿರಲಿಲ್ಲ. ಅಲ್ಲಿ ಮೀನು ಸಿಗೋದು ಖಾತ್ರಿ. ತೆರೆದ ಕಡಲಿಗೆ ಹೋಗುವಾಗ ಮಾತ್ರ ದೊಡ್ಡ ವಿಧಿ ವಿಧಾನ. ನಮ್ಮಲ್ಲೂ ನೋಡಿ. ಕೆರೆ ಅಂಗಳದಲ್ಲಿ ಹತ್ತಡಿ ಗುಂಡಿ ತೋಡಲು ಯಾರೂ ತೆಂಗಿನಕಾಯಿ ಇಟ್ಟು ನೋಡಲ್ಲ, ನೀರು ಬರುತ್ತೆ ಅಂತ ಗೊತ್ತು. 1,500 ಅಡಿಗೆ ಹೋಗುವಾಗ ಕೈಗೆ ಏನಾದರೂ ಬೇಕು. ಏನೂ ಹಿಡಿಯದೆ ಆರು ಲಕ್ಷ ಹಾಕೋದು ಮನುಷ್ಯನಿಗೆ ಸಹಿಸಲಾಗದ ಸ್ಥಿತಿ. ತೆಂಗಿನಕಾಯಿ ನೀರು ತೋರಿಸಲ್ಲ, ಹೂಂ ಅನ್ನುವ ಧೈರ್ಯ ಕೊಡುತ್ತದೆ.

ಇದೇ ಮಾತು ನನ್ನ ಮಷೀನಿಗೂ ಅನ್ವಯಿಸುತ್ತದೆ. ನಾವು ನೆಲಕ್ಕೆ ನಾಲ್ಕು ಕಡ್ಡಿ ನೆಟ್ಟು, ವಿದ್ಯುತ್ ಹಾಯಿಸಿ, ಬಂಡೆಯ ತಡೆಯನ್ನು ಅಳೆಯುತ್ತೇವೆ. ಕೊಳೆತ ಪದರ ಎಷ್ಟು ದಪ್ಪ, ಅದರ ಕೆಳಗೆ ಬಿರುಕಿನ ವಲಯ ಇದೆಯಾ ಅಂತ ಮೇಲಿನ ಕೆಲವು ನೂರು ಅಡಿಗೆ ಚೆನ್ನಾಗಿಯೇ ಹೇಳಬಹುದು. 1,400 ಅಡಿಯಲ್ಲಿ ಒಂದು ಗೇಣು ಅಗಲದ ಬಿರುಕು ಇದೆ ಅಂತ ಮೇಲಿನಿಂದ ಈ ಮಷೀನಲ್ಲಿ ಕಾಣೋದಿಲ್ಲ. ಯಾರಾದರೂ ಕಂಪ್ಯೂಟರ್ ಪರದೆಯ ಮೇಲೆ ನೀಲಿ ಬಣ್ಣ ತೋರಿಸಿ '1,450ಕ್ಕೆ ಗ್ಯಾರಂಟಿ' ಅಂದರೆ ನಂಬಬೇಡಿ. ಅದು ಬಣ್ಣ ಹಚ್ಚಿದ ತೆಂಗಿನಕಾಯಿ.

ಈಗ ನಿಮ್ಮ ಬಾಯಿ ಯಾಕೆ ಬರುತ್ತಿಲ್ಲ ಅನ್ನೋದು. ಸಾಲಮನ್ ಆಶ್ ಅನ್ನುವವರು 1950ರ ದಶಕದಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಗೆರೆಗಳನ್ನು ತೋರಿಸಿ ಯಾವ ಗೆರೆ ಇದಕ್ಕೆ ಸಮ ಅಂತ ಕೇಳೋದು. ಮಗುವೂ ಹೇಳಬಹುದು. ಆದರೆ ಕೋಣೆಯಲ್ಲಿ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಬೇಕೆಂದೇ ತಪ್ಪು ಉತ್ತರ ಹೇಳುತ್ತಿದ್ದರು. ಆಗ ಮುಕ್ಕಾಲು ಪಾಲು ಜನ ಒಂದು ಸಲವಾದರೂ ಆ ತಪ್ಪನ್ನೇ ಹೇಳಿದರು. ಕಣ್ಣೆದುರಿನ ಗೆರೆಗೇ ಹೀಗೆ. ಕಣ್ಣಿಗೆ ಕಾಣದ 1,500 ಅಡಿಯ ಬಗ್ಗೆ ಊರೇ ಒಂದು ಮಾತು ಹೇಳುವಾಗ ನಿಮಗೆ ದನಿ ಬರಲಿಲ್ಲ ಅಂದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ. ಆ ಪ್ರಯೋಗದಲ್ಲಿ ಇನ್ನೊಂದು ವಿಷಯವೂ ಗೊತ್ತಾಯಿತು. ಗುಂಪಿನಲ್ಲಿ ಬೇರೆ ಒಬ್ಬರೇ ಒಬ್ಬರು ಸರಿಯಾದ ಉತ್ತರ ಹೇಳಿದರೂ ಸಾಕು, ತಪ್ಪಿಗೆ ಹೂಂ ಅನ್ನುವವರ ಸಂಖ್ಯೆ ಬಹಳ ಕುಸಿಯಿತು. ನಿಮಗೆ ಬೇಕಾದ್ದು ಅಂಥ ಒಬ್ಬರು. ಅದು ನಿಮ್ಮಮ್ಮ ಇರಬಹುದು. ಸಾಲದ ಕಂತಿಗೆ ಹಾಲಿನ ದುಡ್ಡು ಹೊಂದಿಸುವವರು ಸಾಮಾನ್ಯವಾಗಿ ಅವರೇ. ಬೋರ್ ವಿಷಯದಲ್ಲಿ ಅವರನ್ನು ಕೇಳಿದ್ದೀರಾ? ನಾನು ನೋಡಿದ ಬಹಳ ಮನೆಗಳಲ್ಲಿ ಪೂಜೆಗೆ ಕರೆಯುತ್ತಾರೆ, ತೀರ್ಮಾನಕ್ಕೆ ಕರೆಯಲ್ಲ.

ಇಷ್ಟೆಲ್ಲ ಆದ ಮೇಲೂ ಅಪ್ಪ ಕೊರೆಸಿಯೇ ತೀರುತ್ತೇನೆ ಅಂದರೆ, ಜಗಳ ಮಾಡಬೇಡಿ. ಲಾರಿ ಬರುವ ವಾರದ ಮುಂಚೆ, ಹಗಲು ಹೊತ್ತಿನಲ್ಲಿ, ಊಟ ಆದ ಮೇಲೆ, ಒಂದು ಚೀಟಿಯಲ್ಲಿ ಬರೆಯಿಸಿ: ಇಂಥ ಅಡಿಗೆ ನಿಲ್ಲಿಸುತ್ತೇವೆ. ನಿಮ್ಮ ನೋಟ್‌ಬುಕ್ಕಿನ ಲೆಕ್ಕದಲ್ಲಿ ನೀರು ಬಿದ್ದ ಆಳಗಳನ್ನು ನೋಡಿ ಆ ಅಡಿ ಗೊತ್ತುಮಾಡಿ. ಅಪ್ಪ, ಅಮ್ಮ, ನೀವು ಸಹಿ ಹಾಕಿ. ಆ ಅಡಿಗೆ ಆಗುವಷ್ಟೇ ದುಡ್ಡು ಮನೆಯಲ್ಲಿರಲಿ. ರಾತ್ರಿ ಅಲ್ಲಿ ನೀವೂ ಇರಿ. ಚೀಟಿ ನಿಮ್ಮ ಜೇಬಿನಲ್ಲಿರಲಿ. ಆಗ ಒಂದೂವರೆ ಗಂಟೆಗೆ 'ನಿಲ್ಸಿ' ಅನ್ನುವವರು ನೀವಲ್ಲ, ಹಗಲಿನಲ್ಲಿ ತಣ್ಣಗೆ ಯೋಚಿಸಿದ ನಿಮ್ಮಪ್ಪನೇ. ಕೊರೆಯುವ ಮುಂಚೆ ಅನುಮತಿ ಬೇಕಾ ಅಂತಲೂ ವಿಚಾರಿಸಿ. 2011ರ ಅಂತರ್ಜಲ ಕಾಯ್ದೆಯ ಪ್ರಕಾರ ಅಧಿಸೂಚಿತ ತಾಲ್ಲೂಕುಗಳಲ್ಲಿ ಅನುಮತಿ ಇಲ್ಲದೆ ಕೊರೆಯುವಂತಿಲ್ಲ.

ಕೊರೆಸದಿದ್ದರೆ ಏನು ಮಾಡಬೇಕು? ಕಥೆಗೆ ಬರೀ 'ಬೇಡ' ಅನ್ನೋದು ಉತ್ತರವಾಗಲ್ಲ. ಅಪ್ಪನ ಕೈಗೆ ಕೆಲಸ ಬೇಕು. ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಂದರೆ ಒಂದು ಎಕರೆ ಮೇಲೆ 28 ಲಕ್ಷ ಲೀಟರ್ ಬೀಳುತ್ತದೆ. ನಾಲ್ಕು ಎಕರೆಗೆ ಒಂದು ಕೋಟಿ ಮೀರುತ್ತದೆ. ಎಲ್ಲ ಹಿಡಿಯೋಕೆ ಆಗಲ್ಲ. ಆದರೆ ಮೇಲೆ 60 ಅಡಿ ಉದ್ದ, 60 ಅಡಿ ಅಗಲ, 10 ಅಡಿ ಆಳದ ಇಳಿಜಾರು ಬದಿಯ ಕೃಷಿ ಹೊಂಡದಲ್ಲಿ ಆರು ಏಳು ಲಕ್ಷ ಲೀಟರ್ ನಿಲ್ಲುತ್ತದೆ. ಒಂದು ಎಕರೆಗೆ ಆರೇಳು ಸಲ ಒಂದೊಂದಿಂಚು ನೀರು ಕೊಟ್ಟ ಹಾಗೆ. ರಾಗಿಗೆ, ತೊಗರಿಗೆ ಕೈಕೊಡುವ ಎರಡು ವಾರ ದಾಟಿಸಲು ಧಾರಾಳ ಸಾಕು. ಶ್ರೀನಿವಾಸಪುರ ಮಾವಿನ ಸೀಮೆ. ಎರಡು ಎಕರೆ ಮಾವಿಗೆ ಬಿಟ್ಟು, ಗಿಡ ಎಳೆಯದಾಗಿರುವಾಗ ಮಾತ್ರ ಹೊಂಡದ ನೀರು ಕೊಟ್ಟವರು ನಿಮ್ಮ ಸುತ್ತಲೇ ಇದ್ದಾರೆ, ಹೋಗಿ ಮಾತಾಡಿ. ಕೃಷಿ ಹೊಂಡಕ್ಕೆ ಈಗ ಯಾವ ಸಹಾಯಧನ ಇದೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ನಿಮ್ಮ ಕೆರೆಗೆ ಬರುತ್ತಾ ಅನ್ನೋದನ್ನೂ ಕೇಳಿ ತಿಳಿದುಕೊಳ್ಳಿ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ಅಂತ ಮೊದಲ ಹಂತದ ಗುರಿ ಇತ್ತು. ಆ ನೀರಿನ ಗುಣಮಟ್ಟದ ಬಗ್ಗೆ ಚರ್ಚೆ ಇದೆ, ಅದನ್ನು ನೇರ ಕುಡಿಯಬಾರದು, ಹೊಲಕ್ಕೂ ನೇರ ಎತ್ತಬಾರದು. ಅದು ಇಂಗಲಿಕ್ಕೆ ಬಿಟ್ಟ ನೀರು. ಆದರೆ ಕೆರೆ ತುಂಬಿದ ಕಡೆ ಸುತ್ತಲಿನ ಹಳೆ ಬೋರ್‌ಗಳಲ್ಲಿ ನೀರು ಏರಿದೆ. ಮೇಲಿನಿಂದ ತುಂಬಿದರೆ ಕಡಿಮೆ ಆಳದಲ್ಲೇ ನೀರು ವಾಪಸ್ ಬರುತ್ತದೆ ಅನ್ನೋದನ್ನು ಅಪ್ಪ ಅಲ್ಲಿಗೆ ಹೋಗಿ ಕಣ್ಣಾರೆ ನೋಡಲಿ. ನಿಮ್ಮ 900 ಅಡಿಯ ಬೋರಿನ ಸುತ್ತ ಗುಂಡಿ ತೆಗೆದು, ಕಲ್ಲು, ಜಲ್ಲಿ, ಮರಳು ತುಂಬಿ ಮಳೆ ನೀರು ಇಂಗಿಸಬಹುದು. ಗೊಬ್ಬರ, ಔಷಧಿ ಸೇರಿದ ಹೊಲದ ನೀರನ್ನು ಮಾತ್ರ ಅದಕ್ಕೆ ಬಿಡಬೇಡಿ. ಮಾಡುವ ಮುಂಚೆ ಬರೆಯಿರಿ, ಅಳತೆ ಹೇಳಿಕೊಡುತ್ತೇನೆ.

ಉಳಿದ ಎರಡು ತೂತುಗಳ ಬಗ್ಗೆ ನಿಮ್ಮ ಪತ್ರದಲ್ಲಿ ಏನೂ ಇಲ್ಲ. 650ರದ್ದು, 1,100ರದ್ದು. ಅವುಗಳ ಬಾಯಿ ಹೇಗಿದೆ? ಕಲ್ಲು ಇಟ್ಟಿದ್ದರೆ ಅದು ಸಾಲದು. ದನ ತಳ್ಳಿದರೂ ಸರಿಯುತ್ತದೆ. ಮಕ್ಕಳು ಬಿದ್ದ ಎಷ್ಟೋ ಪ್ರಕರಣಗಳಾದ ಮೇಲೆ 2010ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಸೂಚನೆ ಕೊಟ್ಟಿದೆ: ಬಿಟ್ಟ ಬೋರನ್ನು ತಳದಿಂದ ನೆಲಮಟ್ಟದ ತನಕ ಮಣ್ಣು, ಮರಳು, ಕಲ್ಲು ತುಂಬಿ ಮುಚ್ಚಬೇಕು. ಕೇಸಿಂಗ್ ತೆಗೆದು ಮಾರಿದ್ದರೆ ಬಾಯಿ ಇನ್ನೂ ಅಗಲ ಆಗಿರುತ್ತದೆ. ನೋಟ್‌ಬುಕ್ ಹಿಡಿದು ಹೊರಡುವ ಆ ಭಾನುವಾರ ಮೊದಲು ನಿಮ್ಮದೇ ಹೊಲಕ್ಕೆ ಹೋಗಿ, ಈ ಎರಡನ್ನೂ ತುಂಬಿಸಿ, ಆಮೇಲೆ ಮುಂದಿನ ಹೊಲಕ್ಕೆ ನಡೆಯಿರಿ.